ತುಮಕೂರಿನಿಂದ ದೊಮ್ಮಲೂರಿಗೆ ದಿನಾ ಓಡಾಟ: ಖರ್ಚು ಇಳಿಸೋದು ಹೇಗೆ?

ಬಟವಾಡಿ_ಬಾಡಿಗೆಮನೆ

ನಮಸ್ಕಾರ. ಮನೆ ತುಮಕೂರಿನ ಬಟವಾಡಿಯಲ್ಲಿ, ಕೆಲಸ ಬೆಂಗಳೂರಿನ ದೊಮ್ಮಲೂರಿನಲ್ಲಿ. ವಾರಕ್ಕೆ ಐದು ದಿನ, ಬೆಳಿಗ್ಗೆ 9.30ಕ್ಕೆ ಹಾಜರಿ, ಸಂಜೆ 6ಕ್ಕೆ ಬಿಡ್ತಾರೆ. ಸದ್ಯಕ್ಕೆ ಪೆಟ್ರೋಲ್ ಕಾರಿನಲ್ಲಿ ಓಡಾಟ. ಹೋಗಿಬರಲು ಸುಮಾರು 150 ಕಿ.ಮೀ., ಗಾಡಿ ಲೀಟರಿಗೆ 16 ಕೊಡುತ್ತೆ. ಲೀಟರಿಗೆ 103 ರೂ. ಹಿಡಿದರೆ ದಿನಕ್ಕೆ 965, ತಿಂಗಳಲ್ಲಿ 22 ದಿನಕ್ಕೆ 21 ಸಾವಿರದ ಮೇಲೆ. ಟೋಲ್ ಬೇರೆ.

ಮಗುವಿನ ಶಾಲೆ, ಅಮ್ಮನ ಚಿಕಿತ್ಸೆ ಎಲ್ಲ ತುಮಕೂರಿನಲ್ಲೇ ಇರೋದರಿಂದ ಮನೆ ಬದಲಿಸುವ ಮಾತಿಲ್ಲ. ಮುಂದಿನ ತಿಂಗಳಿಂದ ಹೆಂಡತಿಗೂ ಯಶವಂತಪುರದಲ್ಲಿ ಕೆಲಸ ಶುರುವಾಗುತ್ತೆ. ರೈಲಿನ ಪಾಸ್ ಹೇಗೆ, ಅದರ ಜೊತೆ ಮೆಟ್ರೊ ಕಾರ್ಡಾ ಬಿಎಂಟಿಸಿ ಪಾಸಾ, ಕಾರನ್ನು ಪೂರ್ತಿ ಬಿಡಬೇಕಾ? ಲೆಕ್ಕ ಸಮೇತ ಹೇಳಿದರೆ ಉಪಕಾರ.

ಚಿಕ್ಕಬಾಣಾವರ_ಲೋಕಲ್

ಸರ್, 70 ಕಿ.ಮೀ. ಉದ್ದದ ಆ ದಾರಿಯನ್ನ ಮೊದಲು ರೈಲಿಗೆ ಹಾಕಿ. ಉಳಿದದ್ದೆಲ್ಲ ಆಮೇಲೆ.

ಮಂತ್ಲಿ ಸೀಸನ್ ಟಿಕೆಟ್, ಅಂದರೆ ಎಂಎಸ್‌ಟಿ, ಎರಡನೇ ದರ್ಜೆಗೆ ಸುಮಾರು 15 ಒಂದು ಕಡೆ ಪ್ರಯಾಣದ ಆರ್ಡಿನರಿ ದರಕ್ಕೆ ಸಿಗುತ್ತೆ. ತುಮಕೂರು–ಬೆಂಗಳೂರಿಗೆ ತಿಂಗಳಿಗೆ ಐನೂರರ ಒಳಗೇ ಮುಗಿಯುತ್ತೆ. ಎಂಟು ದಿನ ಹೋಗಿಬಂದರೆ ಹಾಕಿದ ದುಡ್ಡು ವಾಪಸ್, ಹಾಗಾಗಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವವರಿಗೂ ಇದು ಲಾಭವೇ. ಮೂರು ತಿಂಗಳದ್ದಕ್ಕೆ ಮಾಸಿಕ ದರದ 2.7 ಪಟ್ಟು ಮಾತ್ರ. ಆದರೆ ಸೀಸನ್ ಟಿಕೆಟನ್ನು ಅರ್ಧಕ್ಕೆ ವಾಪಸ್ ಕೊಟ್ಟು ದುಡ್ಡು ಪಡೆಯಲಾಗದು. ಮೊದಲ ತಿಂಗಳು ಎಂಎಸ್‌ಟಿಯಲ್ಲೇ ಓಡಾಡಿ, ರೈಲಿನ ಸಮಯ ನಿಮಗೆ ಹೊಂದುತ್ತೆ ಅಂತ ಖಾತ್ರಿಯಾದ ಮೇಲೆ ಮೂರು ತಿಂಗಳದ್ದು ತಗೊಳ್ಳಿ.

ಟಿಕೆಟ್ ಯಶವಂತಪುರಕ್ಕೆ ಬೇಡ, ಕೆಎಸ್‌ಆರ್ ಬೆಂಗಳೂರಿಗೇ (ಮೆಜೆಸ್ಟಿಕ್ ಹತ್ತಿರದ ಸಿಟಿ ರೈಲು ನಿಲ್ದಾಣ) ಮಾಡಿಸಿ. ದರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲ್ಲ. ನಡುವಿನ ಚಿಕ್ಕಬಾಣಾವರ, ಯಶವಂತಪುರ, ಮಲ್ಲೇಶ್ವರ ಎಲ್ಲಿ ಬೇಕಾದರೂ ಇಳಿಯಬಹುದು, ಹತ್ತಬಹುದು. ಕೆಲವು ಗಾಡಿ ಯಶವಂತಪುರಕ್ಕೇ ನಿಲ್ಲುತ್ತವೆ, ಅವುಗಳಿಗೂ ಇದೇ ಟಿಕೆಟ್ ನಡೆಯುತ್ತೆ.

ಹೊಸಬರು ದಂಡ ಕಟ್ಟೋದು ಮೂರು ಕಡೆ. ಒಂದು, ಸೂಪರ್‌ಫಾಸ್ಟ್. ಗಾಡಿ ನಂಬರ್ 12, 20 ಅಥವಾ 22ರಿಂದ ಶುರುವಾದರೆ ಅದು ಸೂಪರ್‌ಫಾಸ್ಟ್, ಬರೀ ಎಂಎಸ್‌ಟಿ ಇಟ್ಟುಕೊಂಡು ಹತ್ತುವ ಹಾಗಿಲ್ಲ. ಪಾಸ್ ಮಾಡಿಸುವಾಗಲೇ ಸೂಪರ್‌ಫಾಸ್ಟ್ ಶುಲ್ಕ ಸೇರಿಸಬೇಕು. ನಿಮ್ಮ ಸಮಯಕ್ಕೆ ಮೆಮು (ಹತ್ತಿರದ ಊರುಗಳ ನಡುವಿನ ಲೋಕಲ್ ರೈಲು) ಮತ್ತು ಸಾದಾ ಎಕ್ಸ್‌ಪ್ರೆಸ್ ಸಾಕಾಗುತ್ತೆ ಅಂದರೆ ಆ ಖರ್ಚು ಬೇಡ. ಎರಡು, ರಿಸರ್ವೇಶನ್ ಬೋಗಿ. ಜನರಲ್ ಬೋಗಿ ತುಂಬಿದೆ ಅಂತ ಸ್ಲೀಪರ್‌ಗೆ ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕವೇ, ದರದ ಮೇಲೆ ಕನಿಷ್ಠ 250 ರೂ. ದಂಡ. ಜನಶತಾಬ್ದಿ, ವಂದೇ ಭಾರತ್‌ಗೂ ಈ ಪಾಸ್ ನಡೆಯಲ್ಲ. ಮೂರು, ಮೊಬೈಲ್ ಟಿಕೆಟ್. ರೈಲ್ವೆ ಆ್ಯಪ್‌ನಲ್ಲಿ ಇವತ್ತು ಮಾಡಿದ ಸೀಸನ್ ಟಿಕೆಟ್ ನಾಳೆಯಿಂದ ಚಾಲ್ತಿಗೆ ಬರುತ್ತೆ, ಸೋಮವಾರ ಬೆಳಿಗ್ಗೆ ಪ್ಲಾಟ್‌ಫಾರಂನಲ್ಲಿ ನಿಂತು ಮಾಡಿಸಿದರೆ ಆ ದಿನಕ್ಕೆ ಬೇರೆ ಟಿಕೆಟ್ ಬೇಕು. ಫೋನ್ ಚಾರ್ಜ್ ಹೋಗಿ ಟಿಸಿಗೆ ತೋರಿಸಲಾಗದಿದ್ದರೂ ಟಿಕೆಟ್ ಇಲ್ಲ ಅಂತಲೇ ಲೆಕ್ಕ. ಫೋನ್ ಹಳೆಯದಾಗಿದ್ದರೆ ಕೌಂಟರ್‌ನಲ್ಲಿ ಕಾಗದದ ಟಿಕೆಟ್ ಮಾಡಿಸೋದು ಕ್ಷೇಮ. ಟಿಕೆಟ್‌ನಲ್ಲಿ ನಮೂದಾದ ಗುರುತಿನ ಚೀಟಿಯ ನಂಬರೂ ಕೈಯಲ್ಲಿರುವ ಚೀಟಿಯ ನಂಬರೂ ಒಂದೇ ಇರಬೇಕು.

ಸಂಜೆ ಯಶವಂತಪುರದಲ್ಲಿ ಹತ್ತಿದರೆ ಸೀಟಿನ ಆಸೆ ಬಿಡಿ. ಕೆಎಸ್‌ಆರ್‌ನಿಂದಲೇ ಹೊರಡುವ ಗಾಡಿಯಾದರೆ ಅಲ್ಲೇ ಹತ್ತಿ.

ಲೆಕ್ಕದ_ಪುಸ್ತಕ

ಮೇಲಿನವರು ಹೇಳಿದ್ದು ಸರಿ. ಆದರೆ ರೈಲಿಗೆ ಬದಲಾದ ಮೇಲೂ ದುಡ್ಡು ಉಳಿಯಲಿಲ್ಲ ಎನ್ನುವವರು ಬಹಳ ಮಂದಿ. ಅದಕ್ಕೆ ಕಾರಣ ಎರಡು ತುದಿಯ ಚಿಕ್ಕ ಓಡಾಟ. ಬೆಂಗಳೂರಿನಲ್ಲಿ ಆಟೊ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18. ಐದು ಕಿ.ಮೀ.ಗೆ 90. ದಿನಕ್ಕೆರಡು ಸಲ ಹತ್ತಿದರೆ 22 ದಿನಕ್ಕೆ 3,960 ರೂ. ಇಡೀ 70 ಕಿ.ಮೀ. ರೈಲಿಗೆ ಐನೂರು, ಕೊನೆಯ ಐದು ಕಿ.ಮೀ.ಗೆ ನಾಲ್ಕು ಸಾವಿರ! ಅದೂ ಮೀಟರ್ ಹಾಕಿದರೆ.

ನಿಮ್ಮ ದಾರಿ ಹೀಗಿರಲಿ. ಕೆಎಸ್‌ಆರ್‌ನಲ್ಲಿ ಇಳಿದು ಮುಂಬಾಗಿಲಿನ ಗುಂಪಿನಲ್ಲಿ ಸಿಕ್ಕಿಕೊಳ್ಳಬೇಡಿ. ಹತ್ತನೇ ಪ್ಲಾಟ್‌ಫಾರಂ ಕಡೆಯ ಹಿಂಬಾಗಿಲಿನಿಂದ ಪಾದಚಾರಿ ಸೇತುವೆ ನೇರವಾಗಿ ನೇರಳೆ ಮಾರ್ಗದ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಮೆಟ್ರೊಗೆ ಸೇರುತ್ತೆ. ವೈಟ್‌ಫೀಲ್ಡ್ ಕಡೆಯ ರೈಲು ಹಿಡಿದರೆ ದೊಮ್ಮಲೂರಿಗೆ ಹತ್ತಿರದ ಇಂದಿರಾನಗರಕ್ಕೆ ಬದಲಾವಣೆಯೇ ಇಲ್ಲ. ಇದು ಮೆಜೆಸ್ಟಿಕ್‌ಗಿಂತ ಒಂದು ನಿಲ್ದಾಣ ಹಿಂದೆ ಇರೋದರಿಂದ ಹತ್ತೋದೂ ಸುಲಭ. ದರದಲ್ಲಿ ಒಂದು ಹಂತ ಹೆಚ್ಚಾಗುತ್ತದೆಯೇ ಎಂದು ಮಾತ್ರ ನಮ್ಮ ಮೆಟ್ರೊ ಆ್ಯಪ್‌ನಲ್ಲಿ ಎರಡೂ ನಿಲ್ದಾಣ ಹಾಕಿ ನೋಡಿಕೊಳ್ಳಿ. 2025ರ ಫೆಬ್ರುವರಿ ಪರಿಷ್ಕರಣೆಯ ನಂತರ ಕನಿಷ್ಠ 10, ಗರಿಷ್ಠ 90, ನಡುವೆ ಹತ್ತತ್ತು ರೂಪಾಯಿಯ ಹಂತಗಳು. ಹಂತದ ಅಂಚಿನಲ್ಲಿದ್ದರೆ ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವುದರಿಂದ ಸಲಕ್ಕೆ 10 ರೂ., ತಿಂಗಳಿಗೆ 440 ರೂ. ಉಳಿಯುತ್ತದೆ.

ಸ್ಮಾರ್ಟ್ ಕಾರ್ಡ್ ಇಟ್ಟುಕೊಳ್ಳಿ. ದಟ್ಟಣೆ ಹೊತ್ತಿನಲ್ಲಿ 5%, ಬೆಳಿಗ್ಗೆ 8ರ ಮೊದಲು, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ 10% ರಿಯಾಯಿತಿ. ಟೋಕನ್‌ಗೆ ಈ ರಿಯಾಯಿತಿ ಇಲ್ಲ. ಒಳಗೆ ಹೋಗಲು ಕಾರ್ಡ್‌ನಲ್ಲಿ ಕನಿಷ್ಠ 90 ರೂ. ಇರಲೇಬೇಕು. 85 ಇದ್ದರೂ ಗೇಟ್ ತೆರೆಯಲ್ಲ, ರೀಚಾರ್ಜ್ ಮಾಡಿಸುವಷ್ಟರಲ್ಲಿ ನಿಮ್ಮ ಸಂಜೆಯ ಮೆಮು ಹೋಗಿರುತ್ತೆ.

ಬಿಎಂಟಿಸಿ ಮಾಸಿಕ ಪಾಸ್ ನಿಮಗೆ ಬೇಡ. ಸಾಮಾನ್ಯ ಪಾಸ್ 1,200 ರೂ. ಅದನ್ನು ತಿಂಗಳ 44 ಪ್ರಯಾಣಕ್ಕೆ ಭಾಗಿಸಿದರೆ 27 ರೂ. ಚಿಲ್ಲರೆ. ಒಂದು ಕಡೆಯ ಬಸ್ ಟಿಕೆಟ್ ಅದಕ್ಕಿಂತ ಕಡಿಮೆ ಇರುವವರಿಗೆ ಪಾಸ್ ನಷ್ಟ. ಇಂದಿರಾನಗರ ಮೆಟ್ರೊದಿಂದ ದೊಮ್ಮಲೂರಿಗೆ ಇರುವುದು ಎರಡೂವರೆ ಕಿ.ಮೀ. ಆಸುಪಾಸು, ಬಸ್ಸಿಗೆ ಅಷ್ಟೆಲ್ಲ ಆಗುವುದಿಲ್ಲ. ಮೂರು ಬಸ್ ಬದಲಿಸಿ ಹೋಗುವವರಿಗೆ ಮಾತ್ರ ಪಾಸ್ ಲಾಭ.

ಮೆಟ್ರೊ ಒಂದು ಕಡೆಗೆ 50 ಎಂದೇ ಹಿಡಿಯೋಣ. 5% ಕಳೆದು 47.50, 44 ಸಲಕ್ಕೆ 2,090. ಎಂಎಸ್‌ಟಿ ಐನೂರು, ಬಸ್ ಸುಮಾರು 500, ತುಮಕೂರು ಸ್ಟೇಷನ್ ತನಕ ಸ್ಕೂಟರ್ ಪೆಟ್ರೋಲ್, ಪಾರ್ಕಿಂಗ್ ಸೇರಿ ಒಂದು ಸಾವಿರ. ಒಟ್ಟು ಸುಮಾರು ನಾಲ್ಕು ಸಾವಿರ. ಇಪ್ಪತ್ತೊಂದು ಸಾವಿರದ ಮುಂದೆ ಇದು ನೋಡಿ.

ಕ್ಯಾತ್ಸಂದ್ರ_ಗೇಟ್

ನಿಮ್ಮ ಮನೆಯವರ ವಿಷಯಕ್ಕೆ ಬರ್ತೀನಿ. ಅವರಿಗೆ ಶಕ್ತಿ ಯೋಜನೆ ಇದೆಯಲ್ಲ, 2023ರ ಜೂನ್ 11ರಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಉಚಿತ. ರಾಜಹಂಸ, ಐರಾವತ, ಎಸಿ ಗಾಡಿಗಳಿಗೆ ಇಲ್ಲ, ಬಿಎಂಟಿಸಿ ವಜ್ರಕ್ಕೂ ಇಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ಅಥವಾ ಬೇರೆ ಸರ್ಕಾರಿ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೀಬೇಕು. ಉಚಿತ ಅಂತ ಟಿಕೆಟ್ಟೇ ತಗೊಳ್ಳದೆ ಕೂತರೆ ತಪಾಸಣೆಯವರು ಬಂದಾಗ ತೊಂದರೆ. ತವರಿನ ವಿಳಾಸ ಆಂಧ್ರದ್ದೋ ತಮಿಳುನಾಡಿನದ್ದೋ ಆಧಾರ್‌ನಲ್ಲಿ ಉಳಿದಿದ್ದರೆ ಈಗಲೇ ಬದಲಿಸಿ.

ಹಾಗಂತ ಬಸ್ಸನ್ನೇ ನೆಚ್ಚಿಕೊಳ್ಳಿ ಅನ್ನಲ್ಲ. ಬೆಳಿಗ್ಗೆ ನೆಲಮಂಗಲ ದಾಟಿದ ಮೇಲೆ ಮಾದಾವರದಿಂದ ಗೊರಗುಂಟೆಪಾಳ್ಯದವರೆಗೆ ಎಷ್ಟು ಹೊತ್ತಾಗುತ್ತೆ ಅಂತ ಯಾರೂ ಹೇಳಲಾರರು. ಕೆಲಸ ಯಶವಂತಪುರದಲ್ಲೇ ಅಂದರೆ ಬೆಳಿಗ್ಗೆ ರೈಲು, ಸಂಜೆ ಬಸ್ಸು ಒಳ್ಳೆಯದು. ಅವರಿಗೆ ಯಶವಂತಪುರದವರೆಗಿನ ಎಂಎಸ್‌ಟಿ ಸಾಕು. ಕೆಲವು ಗಾಡಿಗಳಲ್ಲಿ ಮಹಿಳೆಯರ ಬೋಗಿ ಇರುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಎರಡು ದಿನ ನೋಡಿಕೊಂಡರೆ ಗೊತ್ತಾಗುತ್ತೆ.

ಇನ್ನೊಂದು. ಮಾದಾವರದಲ್ಲಿ ಬಸ್ಸಿಳಿದು ಹಸಿರು ಮಾರ್ಗ ಹಿಡಿಯಿರಿ ಅಂತ ಸುಮಾರು ಜನ ಸಲಹೆ ಕೊಡ್ತಾರೆ. 2024ರ ನವೆಂಬರ್‌ನಲ್ಲಿ ಅಲ್ಲಿಯವರೆಗೆ ಮೆಟ್ರೊ ಬಂದ ಮೇಲೆ ಸಮಯಕ್ಕೆ ಅದು ನಿಜಕ್ಕೂ ವರವೇ. ದುಡ್ಡಿಗೆ ಅಲ್ಲ. ನಿಮ್ಮವರು ಯಶವಂತಪುರಕ್ಕೆ ಬಸ್ಸಲ್ಲೇ ಬಂದರೆ ಸೊನ್ನೆ, ನಡುವೆ ಮೆಟ್ರೊ ಹತ್ತಿದರೆ ದುಡ್ಡು. ನೀವು ಮಾದಾವರದಿಂದ ಇಂದಿರಾನಗರಕ್ಕೆ ಹೋದರೆ ದರ ಗರಿಷ್ಠಕ್ಕೆ ಹತ್ತಿರವೇ ಬರುತ್ತೆ. ತಡವಾದ ದಿನಕ್ಕೆ ಮಾತ್ರ ಇಟ್ಟುಕೊಳ್ಳಿ.

ಎನ್‌ಎಚ್_48

ಕಾರು ಮಾರಬೇಡಿ, ಆದ್ರೆ ಒಬ್ರೇ ಓಡಿಸಬೇಡಿ. ನೀವು ಹಾಕಿದ ಲೆಕ್ಕದಲ್ಲಿ ಪೆಟ್ರೋಲ್ ಮಾತ್ರ ಇದೆ. ತಿಂಗಳಿಗೆ 3,300 ಕಿ.ಮೀ. ಅಂದ್ರೆ ವರ್ಷಕ್ಕೆ ನಲವತ್ತು ಸಾವಿರ ಹತ್ತಿರ. 10 ಸಾವಿರಕ್ಕೊಂದು ಸರ್ವಿಸ್ ಅಂದ್ರೆ ಮೂರು ತಿಂಗಳಿಗೊಂದು, ವರ್ಷಕ್ಕೊಂದು ಸೆಟ್ ಟೈರು. ಕಿ.ಮೀ.ಗೆ ಒಂದು ರೂಪಾಯಿ ಸವಕಳಿ ಹಿಡೀಲೇಬೇಕು, ಅಲ್ಲಿಗೆ ದಿನಕ್ಕೆ ಇನ್ನೂ 150.

ಟೋಲ್‌ಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದೆ. 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂ.ಗೆ 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಹೆಸರು ನೋಡಿ ವರ್ಷಪೂರ್ತಿ ಬರುತ್ತೆ ಅಂದುಕೊಳ್ಳಬೇಡಿ. ಟೋಲ್ ಗೇಟ್ ಒಂದು ಸಲ ದಾಟಿದ್ರೆ ಒಂದು ಟ್ರಿಪ್. ದಾರಿಯಲ್ಲಿ ಎರಡು ಟೋಲ್ ಇದ್ರೆ ಹೋಗಿಬರೋದಕ್ಕೆ ನಾಲ್ಕು, ಅಂದ್ರೆ 50 ಕೆಲಸದ ದಿನಕ್ಕೆ ಖಾಲಿ, ಮತ್ತೆ ತಗೋಬೇಕು. ಆದ್ರೂ ದಾಟುವಿಕೆಗೆ 15 ರೂ., ದಿನಕ್ಕೆ 60. ಬಿಡಿಯಾಗಿ ಕಟ್ಟೋದಕ್ಕಿಂತ ಕಡಿಮೆಯೇ. ರಾಜಮಾರ್ಗಯಾತ್ರಾ ಆ್ಯಪ್‌ನಲ್ಲಿ ಮಾಡಿಸಿ. ವೈಟ್ ಬೋರ್ಡ್ ಗಾಡಿಗೆ ಮಾತ್ರ, ಟ್ಯಾಗ್ ಗಾಡಿಯ ನೋಂದಣಿ ಸಂಖ್ಯೆಗೆ ಜೋಡಣೆಯಾಗಿರಬೇಕು, ಚಾಸಿಸ್ ನಂಬರ್ ಮಾತ್ರ ಇದ್ರೆ ಆಗಲ್ಲ. ಖಾಸಗಿ ಟೋಲ್ ಇರೋ ನೈಸ್ ರಸ್ತೆಗೆ ಇದು ನಡೆಯಲ್ಲ.

ಪೆಟ್ರೋಲ್ 965, ಸವಕಳಿ 150, ಟೋಲ್ 60, ಒಟ್ಟು 1,175. ನಾಲ್ವರು ಸೇರಿದ್ರೆ ತಲೆಗೆ 294, ತಿಂಗಳಿಗೆ ಆರೂವರೆ ಸಾವಿರ. ರೈಲಿನ ಸುಮಾರು ಒಂದೂವರೆ ಪಟ್ಟು, ಒಂಟಿ ಕಾರಿನ ಕಾಲು ಭಾಗ. ಒಂದು ಎಚ್ಚರಿಕೆ: ಖರ್ಚು ಹಂಚಿಕೊಳ್ಳೋದು ಬೇರೆ, ಬಾಡಿಗೆ ಹೊಡೆಯೋದು ಬೇರೆ. ಖಾಸಗಿ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸಲ್ಲ, ಅಪಘಾತ ಆದ್ರೆ ಕ್ಲೇಮ್ ತಿರಸ್ಕರಿಸಬಹುದು. ಗೊತ್ತಿರೋ ನಾಲ್ವರು, ಲಾಭವಿಲ್ಲದ ಲೆಕ್ಕ, ತಿಂಗಳ ಕೊನೆಗೆ ಹಂಚಿಕೆ. ಇಷ್ಟೇ ಇರಲಿ.

ಬಟವಾಡಿ_ಬಾಡಿಗೆಮನೆ

ಎಲ್ಲರಿಗೂ ತುಂಬಾ ಧನ್ಯವಾದ. ರೈಲೇ ಅಂತ ತೀರ್ಮಾನ. ಒಂದು ಅನುಮಾನ: ಮೀಟಿಂಗ್ ಉದ್ದವಾಗಿ ಸಂಜೆಯ ಗಾಡಿ ತಪ್ಪಿದರೆ? ಆ ಭಯಕ್ಕೇ ಕಾರು ತರೋ ಹಾಗಾಗಬಾರದು.

ಚಿಕ್ಕಬಾಣಾವರ_ಲೋಕಲ್

ತಿಂಗಳಿಗೆ ನಾಲ್ಕು ಸಲ ತಪ್ಪುತ್ತೆ ಅಂತಲೇ ಲೆಕ್ಕ ಹಾಕಿ, ಆ ಬಸ್ಸಿನ ದುಡ್ಡನ್ನ ಮೊದಲೇ ಪಕ್ಕಕ್ಕಿಡಿ. ನಾಲ್ಕು ಸಲ ಬಸ್ಸಿಗೆ ಕೊಟ್ಟರೂ ಕಾರಿನ ಒಂದು ದಿನದ ಪೆಟ್ರೋಲ್ ಆಗಲ್ಲ.

ಗಾಡಿ ತಪ್ಪಿದ ದಿನ ಸೀಟು ಮುಖ್ಯ ಅಂದರೆ ಮೆಜೆಸ್ಟಿಕ್ ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೇ ಹೋಗಿ ಹತ್ತಿ. ಸಮಯ ಮುಖ್ಯ ಅಂದರೆ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಗೊರಗುಂಟೆಪಾಳ್ಯದಲ್ಲಿ ಇಳಿದು ಬಸ್ ಹಿಡಿಯಿರಿ, ಊರೊಳಗಿನ ಸಿಗ್ನಲ್‌ಗಳೆಲ್ಲ ತಪ್ಪುತ್ತೆ, ನಿಂತುಕೊಂಡು ಹೋಗಬೇಕಾಗಬಹುದು. ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ ಗೊರಗುಂಟೆಪಾಳ್ಯದಲ್ಲಿ ಬಸ್ ನಿಲ್ಲಿಸೋದೇ ಕಷ್ಟ. ಅವತ್ತು ಮೆಜೆಸ್ಟಿಕ್ಕೇ ಸರಿ.

ಕಂಪನಿಯಲ್ಲಿ 8.30ರಿಂದ 5ರ ಪಾಳಿ ಕೊಡ್ತಾರಾ ಅಂತ ಒಮ್ಮೆ ಕೇಳಿ. ಬೆಳಿಗ್ಗೆ ಮೆಟ್ರೊಗೆ 8ರೊಳಗೆ ಹೋದರೆ 10% ರಿಯಾಯಿತಿ, ಸಂಜೆ ಆರಾಮಾಗಿ ಕೆಎಸ್‌ಆರ್ ತಲುಪಬಹುದು. ಎಂಎಸ್‌ಟಿ ಮುಗಿಯುವ ತಾರೀಖನ್ನ ಫೋನಿನಲ್ಲಿ ಐದು ದಿನ ಮುಂಚೆ ಅಲಾರಂ ಇಟ್ಟುಕೊಳ್ಳಿ. ಮೊದಲೇ ನವೀಕರಿಸಿದರೆ ಹಳೆಯದರ ದಿನಗಳು ನಷ್ಟವಾಗಲ್ಲ, ಹೊಸದು ಹಳೆಯದು ಮುಗಿದ ಮರುದಿನದಿಂದ ಶುರುವಾಗುತ್ತೆ.