ಎಚ್‌ಒ ಡೀಸೆಲ್ ಎಂಜಿನ್: ನಿಧಾನಕ್ಕೆ ಬಿಟ್ಟರೆ ಟಕ್ ಟಕ್, ಪಾಯಿಂಟ್ ಮೇಲೆ ನಿಂತುಬಿಡುತ್ತೆ

ಹಳಿಗುಂಟ:
ಆರು ಆಕ್ಸಲ್‌ನ ಹಳೇ ಎಚ್‌ಒ (1:87 ಅಳತೆಯ ಮಾದರಿ ರೈಲು) ಡೀಸೆಲ್ ಎಂಜಿನ್, ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇದ್ದದ್ದು. ಮಾಮೂಲಿ ಡಿಸಿ ಕಂಟ್ರೋಲರ್ (ಹಳಿಗೆ ಕೊಡುವ ವೋಲ್ಟೇಜ್ ಏರಿಸಿ ಇಳಿಸಿ ಓಡಿಸೋದು). ತೊಂದರೆ ಮೂರು. ನಿಧಾನಕ್ಕೆ ಬಿಟ್ಟಾಗ ಒಂದೇ ಲಯದಲ್ಲಿ ಟಕ್ ಟಕ್ ಸದ್ದು, ಪ್ರತಿ ಸದ್ದಿಗೂ ಸಣ್ಣ ಕುಲುಕು. ಪ್ಲಾಸ್ಟಿಕ್ ಫ್ರಾಗ್ (ಎರಡು ಹಳಿ ಒಂದನ್ನೊಂದು ದಾಟುವ ತುಣುಕು) ಇರುವ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಮೇಲೆ ನಿಲ್ಲುತ್ತೆ, ಬೆರಳಿಂದ ತಟ್ಟಿದರೆ ಹೊರಡುತ್ತೆ. ಡಬ್ಬಿಗಳ ಜೊತೆ ಇಳಿಜಾರು ಇಳಿಯುವಾಗ ಜಗ್ಗಿ ಜಗ್ಗಿ ಓಡುತ್ತೆ, ಏರುವಾಗ ಮಾತ್ರ ನುಣ್ಣಗೆ. ಮೋಟರ್ ಬದಲಿಸಬೇಕಾ? ಡಿಕೋಡರ್ (ಡಿಜಿಟಲ್ ಆದೇಶ ಓದಿ ಮೋಟರ್ ನಡೆಸುವ ಚಿಕ್ಕ ಬೋರ್ಡ್) ಹಾಕಿದರೆ ಸರಿಹೋಗುತ್ತಾ?

ವರ್ಮ್‌ಗೇರ್:
ಮೋಟರ್ ಮುಟ್ಟಬೇಡಿ. ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲು ಟಕ್ ಟಕ್. ಎಷ್ಟು ದೂರಕ್ಕೊಂದು ಸದ್ದು ಬರುತ್ತೆ ಅಂತ ಅಳೆಯಿರಿ. ನಿಜವಾದ ಎಂಜಿನ್ನಿನ 40 ಇಂಚಿನ ಗಾಲಿ 1:87ರಲ್ಲಿ 11.7 ಮಿ.ಮೀ. ಆಗುತ್ತೆ, ಸುತ್ತಳತೆ ಸುಮಾರು 37 ಮಿ.ಮೀ. ಹಳಿ ಪಕ್ಕ ಒಂದು ಅಡಿ ಸ್ಕೇಲ್ ಇಟ್ಟು ತೆವಳಿಸಿ. ಅಷ್ಟರಲ್ಲಿ ಎಂಟು ಸಲ ಟಕ್ ಅಂದರೆ ಗಾಲಿಯ ಒಂದು ಸುತ್ತಿಗೆ ಒಂದು ಸದ್ದು, ಅಂದರೆ ಆಕ್ಸಲ್ ಮೇಲಿನ ಗೇರ್ ಸೀಳಿದೆ. ಈ ಪ್ಲಾಸ್ಟಿಕ್ ಗೇರನ್ನು ಎರಡು ಅರ್ಧ ಆಕ್ಸಲ್‌ಗಳ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿರ್ತಾರೆ. ಆ ಬಿಗಿತ ತಾಳಲಾರದೆ ವರ್ಷಗಳ ಮೇಲೆ ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಅಲ್ಲಿ ಎರಡು ಹಲ್ಲುಗಳ ನಡುವಿನ ಸಂದು ಅಗಲವಾಗಿ, ಪಕ್ಕದ ಗೇರಿನ ಹಲ್ಲು ಸರಿಯಾಗಿ ಕೂರದೆ ಹಾರುತ್ತೆ. ಅದೇ ಟಕ್.

ಟ್ರಕ್ಕಿನ ತಳದ ಮುಚ್ಚಳ ತೆಗೆದರೆ ಆಕ್ಸಲ್‌ಗಳು ಕೈಗೆ ಬರುತ್ತವೆ. (ಟ್ರಕ್ ಅಂದರೆ ಎಂಜಿನ್ ಕೆಳಗೆ ಮೂರು ಮೂರು ಆಕ್ಸಲ್ ಹಿಡಿದಿರುವ ಚೌಕಟ್ಟು. ಬೋಗಿ ಅಂದರೆ ಎಲ್ಲರೂ ಡಬ್ಬಿ ಅಂದುಕೊಳ್ತಾರೆ, ಅದಕ್ಕೆ ಟ್ರಕ್ ಅಂತಲೇ ಬರೀತೀನಿ.) ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ. ಎರಡು ಗಾಲಿ ಹಿಡಿದು ಎದುರುಬದುರು ತಿರುಚಿ. ಜಾರಿದರೆ ಗೇರ್ ಹೋಗಿದೆ. ಅಂಟು ಹಾಕಿ ಪ್ರಯೋಜನ ಇಲ್ಲ, ಈ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯೋದೇ ಇಲ್ಲ. ಒಂದು ಸೀಳಿದ್ದರೂ ಆರನ್ನೂ ಬದಲಿಸಿ, ಎಲ್ಲದರ ವಯಸ್ಸೂ ಒಂದೇ.

ಇಳಿಜಾರಿನ ಜಗ್ಗಾಟಕ್ಕೆ ವರ್ಮ್ (ಮೋಟರ್ ತಿರುಗಿಸುವ ಸ್ಕ್ರೂ ಆಕಾರದ ಗೇರ್) ಕಾರಣ. ಏರುವಾಗ ಭಾರ ವರ್ಮನ್ನು ಒಂದೇ ತುದಿಗೆ ಒತ್ತಿ ಹಿಡಿದಿರುತ್ತೆ. ಇಳಿಯುವಾಗ ಡಬ್ಬಿಗಳು ಹಿಂದಿನಿಂದ ತಳ್ಳುತ್ತವೆ, ವರ್ಮ್ ಆ ತುದಿಯಿಂದ ಈ ತುದಿಗೆ ಓಡಾಡುತ್ತೆ. ಬೆರಳಿಂದ ಹಿಂದೆ ಮುಂದೆ ತಳ್ಳಿ ನೋಡಿ. ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಆಡಿದರೆ 0.1 ಮಿ.ಮೀ. ವಾಷರ್‌ಗಳನ್ನು ಒಂದೊಂದಾಗಿ ಹಾಕಿ ಆಟವನ್ನು 0.2 ಮಿ.ಮೀ.ಗೆ ಇಳಿಸಿ. ಪೂರ್ತಿ ಬಿಗಿ ಮಾಡಿದರೆ ಜಾಮ್ ಆಗುತ್ತೆ.

ಬೆಸುಗೆಕಡ್ಡಿ:
ಪಾಯಿಂಟ್ ವಿಷಯ. ಆರು ಆಕ್ಸಲ್ ಎಂಜಿನ್ ಒಂದು ಸತ್ತ (ಕರೆಂಟ್ ಇಲ್ಲದ) ಫ್ರಾಗ್ ಮೇಲೆ ನಿಲ್ಲುತ್ತೆ ಅಂದರೆ ಒಂದು ಟ್ರಕ್ ಹಳಿಯಿಂದ ಕರೆಂಟ್ ಎತ್ತುತ್ತಲೇ ಇಲ್ಲ. ಒಂದು ಟ್ರಕ್ ಕೆಳಗೆ ಎರಡೂ ಹಳಿ ಮುಚ್ಚುವಂತೆ ಕಾಗದದ ಪಟ್ಟಿ ಇಟ್ಟು ಓಡಿಸಿ. ಆಮೇಲೆ ಪಟ್ಟಿಯನ್ನು ಇನ್ನೊಂದು ಟ್ರಕ್ಕಿನ ಕೆಳಗೆ ಇಡಿ. ಯಾವಾಗ ಎಂಜಿನ್ ಸುಮ್ಮನಾಗುತ್ತೋ ಆಗ ಹಳಿ ಮೇಲಿರುವ ಟ್ರಕ್ಕೇ ಕಳ್ಳ.

ಆಮೇಲೆ ಮಲ್ಟಿಮೀಟರ್ ಹಿಡಿದು ಗಾಲಿಯಿಂದ ಮೇಲಿನ ಬೋರ್ಡ್‌ವರೆಗೆ ಅಳೆಯಿರಿ. ಒಂದು ಓಮ್‌ಗಿಂತ ಕಮ್ಮಿ ಇರಬೇಕು. ಹಳೇ ಎಂಜಿನ್‌ಗಳಲ್ಲಿ ವೈರನ್ನು ಬೋರ್ಡಿಗೆ ಬರೀ ಪ್ಲಾಸ್ಟಿಕ್ ಕ್ಲಿಪ್ ಒತ್ತಿ ಸಿಕ್ಕಿಸಿರ್ತಾರೆ, ಒಳಗೆ ತಾಮ್ರ ಕಪ್ಪಾಗಿರುತ್ತೆ. ಕ್ಲಿಪ್ ಕಿತ್ತು ಬೆಸುಗೆ ಹಾಕಿ. ಅರ್ಧ ರೋಗ ಅಲ್ಲೇ ವಾಸಿ.

ಗಾಲಿಗೆ ಮರಳುಕಾಗದ ಬೇಡ, ಗೀರು ಬಿದ್ದರೆ ಕೊಳೆ ಇನ್ನೂ ಬೇಗ ಕೂರುತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದ ಬಟ್ಟೆಯನ್ನು ಹಳಿ ಮೇಲೆ ಹಾಸಿ, ಒಂದು ಟ್ರಕ್ ಬಟ್ಟೆ ಮೇಲೆ, ಇನ್ನೊಂದು ಹಳಿ ಮೇಲೆ ಇಟ್ಟು, ಎಂಜಿನ್ ಕೈಯಲ್ಲಿ ಹಿಡಿದು ಗಾಲಿ ತಿರುಗಿಸಿ. ಬಟ್ಟೆಗೆ ಕಪ್ಪು ಗೆರೆ ಹತ್ತೋದು ನಿಲ್ಲುವ ತನಕ.

ಸಿವಿ_ಮೂರು:
ಡಿಕೋಡರ್ ಬಗ್ಗೆ ಒಂದೇ ಮಾತು: ಡಿಸಿಯಲ್ಲಿ ಚೆನ್ನಾಗಿ ಓಡದ ಎಂಜಿನ್ ಡಿಸಿಸಿಯಲ್ಲೂ (ಡಿಜಿಟಲ್ ಕಂಟ್ರೋಲ್) ಚೆನ್ನಾಗಿ ಓಡಲ್ಲ. ಸಿವಿ 2 (ಡಿಕೋಡರ್‌ನಲ್ಲಿ ಹೊರಡುವ ವೋಲ್ಟೇಜಿನ ಸೆಟ್ಟಿಂಗ್) ಏರಿಸಿ ಹೊರಡೋದನ್ನು ಸುಧಾರಿಸಬಹುದು, ಸೀಳಿದ ಗೇರಿಗೆ ಯಾವ ಸಿವಿಯೂ ಇಲ್ಲ. ಹಾಕುವ ಮೊದಲು 12 ವೋಲ್ಟ್ ಕೊಟ್ಟು, ಫ್ಲೈವೀಲನ್ನು (ಮೋಟರ್ ದಂಡದ ಮೇಲಿನ ಭಾರದ ಚಕ್ರ) ಒಂದೆರಡು ಸೆಕೆಂಡ್ ಮಾತ್ರ ಬೆರಳಲ್ಲಿ ಹಿಡಿದು ನಿಲ್ಲಿಸಿ ಎಷ್ಟು ಆಂಪ್ ಎಳೆಯುತ್ತೆ ನೋಡಿ. ಒಂದು ಆಂಪ್ ಡಿಕೋಡರ್‌ಗೆ ಒಂದೂವರೆ ಆಂಪ್ ಎಳೆಯುವ ಮೋಟರ್ ಕಟ್ಟಬೇಡಿ. ಮೋಟರಿನ ಎರಡು ಬ್ರಶ್‌ಗಳಲ್ಲಿ (ಒಳಗೆ ಕರೆಂಟ್ ಒಯ್ಯುವ ತುಂಡುಗಳು) ಯಾವುದೂ ಫ್ರೇಮಿಗೆ ತಾಗಿರಕೂಡದು, ತಾಗಿದ್ದರೆ ಡಿಕೋಡರ್ ಸುಟ್ಟಿತು ಅಂತಲೇ ಲೆಕ್ಕ.

ಪಾಯಿಂಟ್ ಮೇಲೆ ನಿಲ್ಲದಿರಲಿ ಅಂತ ಕೀಪ್ ಅಲೈವ್ ಕೆಪಾಸಿಟರ್ (ಹಳಿಯಿಂದ ಕರೆಂಟ್ ತಪ್ಪಿದಾಗ ಕ್ಷಣಕಾಲ ಓಡಿಸುವಂಥದ್ದು) ಹಾಕೋದೂ ಉಂಟು.

ಬೆಸುಗೆಕಡ್ಡಿ:
ಉಂಟು, ಆದರೆ ಕರೆಂಟ್ ಎತ್ತದ ಟ್ರಕ್ಕನ್ನು ಹಾಗೇ ಬಿಟ್ಟು ಕೆಪಾಸಿಟರ್ ಹಾಕೋದು ಸೋರುವ ಮಾಡಿಗೆ ಬಕೆಟ್ ಇಟ್ಟ ಹಾಗೆ. ಮೊದಲು ವೈರಿಂಗ್.

ಹಳಿಗುಂಟ:
ಅಳೆದೆ. ಒಂದಡಿಗೆ ಎಂಟು ಟಕ್. ಹಿಂದಿನ ಟ್ರಕ್ಕಿನ ನಡು ಆಕ್ಸಲ್, ಗೇರಿನ ಕುತ್ತಿಗೆವರೆಗೂ ಬಿರುಕು. ಕಾಗದ ಇಟ್ಟಾಗ ಮುಂದಿನ ಟ್ರಕ್ ಕಳ್ಳ ಅಂತ ಗೊತ್ತಾಯ್ತು. ಒಳಗಿನ ಗ್ರೀಸ್ ಮೇಣದ ಥರ ಗಟ್ಟಿ. ಹೊಸ ಗೇರ್ ಕೂರಿಸುವಾಗ ಏನು ನೋಡಬೇಕು?

ವರ್ಮ್‌ಗೇರ್:
ತರಿಸುವ ಮೊದಲು ಹಲ್ಲು ಎಣಿಸಿ, ಅರ್ಧ ಆಕ್ಸಲ್‌ನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. 0.1 ಮಿ.ಮೀ. ವ್ಯತ್ಯಾಸ ಇದ್ದರೂ ಒಂದೋ ಜಾರುತ್ತೆ, ಇಲ್ಲಾ ಮತ್ತೆ ಸೀಳುತ್ತೆ. ಸುತ್ತಿಗೆ ಬೇಡ, ಕೈಯಲ್ಲೇ ತಿರುಚುತ್ತಾ ಒಳಗೆ ನೂಕಿ. ಗೇರ್ ನಡುಮಧ್ಯ ಇರಲಿ, ಗಾಲಿಗಳ ಒಳಮೈ ನಡುವಿನ ಅಂತರ ಸುಮಾರು 14.4 ಮಿ.ಮೀ.; ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಗೇಜ್ ಇದ್ದರೆ ಅದರಲ್ಲೇ ನೋಡಿ. ಇಲ್ಲಿ ತಪ್ಪಿದರೆ ಟಕ್ ಹೋಗಿ ಪಾಯಿಂಟ್ ಮೇಲೆ ಹಳಿ ತಪ್ಪೋದು ಶುರುವಾಗುತ್ತೆ. ಸ್ಟೀಮ್ ಎಂಜಿನ್ ಥರ ಎಡಬಲ ಗಾಲಿಗಳ ಕೋನ ಹೊಂದಿಸುವ ತಲೆನೋವು ಡೀಸೆಲ್‌ನಲ್ಲಿ ಇಲ್ಲ, ಅಷ್ಟು ಪುಣ್ಯ.

ಹಳೇ ಗ್ರೀಸನ್ನು ಹಲ್ಲುಜ್ಜುವ ಬ್ರಶ್ಶು, ಆಲ್ಕೊಹಾಲ್ ಹಾಕಿ ಪೂರ್ತಿ ತೆಗೆಯಿರಿ. ಅಸಿಟೋನ್ ಮುಟ್ಟಿಸಬೇಡಿ. ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸ್ ವರ್ಮ್ ಮೇಲೆ ಅಕ್ಕಿಕಾಳಷ್ಟು ಸಾಕು, ಓಡಿದ ಹಾಗೆ ಅದೇ ಕೆಳಗಿನ ಗೇರ್‌ಗಳಿಗೆ ಹರಡುತ್ತೆ. ಮೋಟರ್ ಬೇರಿಂಗ್‌ಗೆ ಸೂಜಿ ತುದಿಯಲ್ಲಿ ನಿಲ್ಲುವಷ್ಟೇ ಎಣ್ಣೆ. ಕಮ್ಯುಟೇಟರಿಗೆ (ಮೋಟರಿನಲ್ಲಿ ಬ್ರಶ್ ತಾಗುವ ತಿರುಗುವ ಭಾಗ) ಎಣ್ಣೆ ಹೋದರೆ ಬ್ರಶ್ಶಿನ ಪುಡಿ ಸೇರಿ ಕೆಸರಾಗುತ್ತೆ. ಜೋಡಿಸಿದ ಮೇಲೆ ಡಬ್ಬಿ ಕಟ್ಟದೆ ಅರ್ಧ ವೇಗದಲ್ಲಿ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ, ಆಮೇಲೆ ಮತ್ತೊಮ್ಮೆ ಸ್ಕೇಲ್ ಇಟ್ಟು ಕಿವಿಗೊಡಿ.