ತೊಟ್ಟಿ ಮನೆ 360: ಯಾವ ಸಾಫ್ಟ್‌ವೇರಲ್ಲಿ ಮಾಡೋದು

ಗಿರೀಶಣ್ಣ: ಮೇಲೆ ಒಂದು ವೆಬ್‌ಸೈಟ್ ಲಿಂಕ್ ಹಾಕಿದೀನಿ ಎಲ್ರೂ ನೋಡಿ. ಮನೆ ಬಿಚ್ಚೋಕೆ ಮುಂಚೆ ಸುತ್ತ ತೆಗೆದ ಫೋಟೋ ಜೋಡಿಸಿ ಇದ್ರಲ್ಲಿ 360 ಟೂರ್ ಮಾಡೋಣ, ಬೆರಳಲ್ಲಿ ಎಳೆದ್ರೆ ಸುತ್ತ ತಿರುಗುತ್ತೆ, ಜಗಲಿಯಿಂದ ನಡುಮನೆಗೆ ಹೋಗ್ಬೋದು. ತಿಂಗಳಿಗೆ 1,800, ಆರು ಮನೆ ಸೇರಿದ್ರೆ ತಲಾ 300. ಓಕೆ ಅಂದ್ರೆ ಇವತ್ತೇ ಕಟ್ತೀನಿ

ಚಿಕ್ಕಪ್ಪ: ಓಕೆ 🙏

ಸ್ಮಿತಾ: ಅಣ್ಣ ಕಟ್ಬೇಡಿ, ಒಂದ್ನಿಮಿಷ. ತಿಂಗಳಿಗೆ ಅಂದ್ರೆ ಎಷ್ಟು ತಿಂಗಳು? ವರ್ಷಕ್ಕೆ 21,600 ಆಯ್ತು. ನಮ್ಮ ಹೋಂಸ್ಟೇಗೆ ಇಂಥದ್ದೇ ಒಂದ್ರಲ್ಲಿ ಮಾಡ್ಸಿದ್ದೆ, ಎರಡು ವರ್ಷ ಕಟ್ಟಿ ಮಳೆಗಾಲದಲ್ಲಿ ಗೆಸ್ಟೇ ಇಲ್ಲ ಅಂತ ನಿಲ್ಸಿದೆ, ಮುಂದಿನ ತಿಂಗಳು ಲಿಂಕ್ ಒತ್ತಿದ್ರೆ ಖಾಲಿ ಪೇಜು. ಜೋಡಿಸಿದ ಫೋಟೋನೂ ಇಳಿಸ್ಕೊಳ್ಳೋಕೆ ಬಿಡ್ಲಿಲ್ಲ. ರೂಮ್ ಫೋಟೋ ಮತ್ತೆ ತೆಗೆದೆ, ಈ ಮನೆ ಮತ್ತೆ ತೆಗಿಯೋಕೆ ಸಿಗಲ್ಲ

ಗಿರೀಶಣ್ಣ: ಅದು ಸಣ್ಣ ಕಂಪನಿ ಇರ್ಬೇಕು. ದೊಡ್ಡೋರ ಹತ್ರ ಹೋದ್ರೆ ಹಂಗಾಗಲ್ಲ

ವಿನಯ್: ಗೂಗಲ್‌ಗಿಂತ ದೊಡ್ಡೋರು ಯಾರಣ್ಣ, ಅವರದೇ ಟೂರ್ ಕ್ರಿಯೇಟರ್ 2021ರ ಜೂನಲ್ಲಿ ನಿಂತೋಯ್ತು, ಫೋನಲ್ಲೇ 360 ತೆಗೀಬೋದಿತ್ತಲ್ಲ ಸ್ಟ್ರೀಟ್ ವ್ಯೂ ಆ್ಯಪು, ಅದೂ 2023ರಲ್ಲಿ ಹೋಯ್ತು. ಫೋಟೋ ಜೋಡಿಸೋ ಆಟೋಪಾನೋ ಸಾಫ್ಟ್‌ವೇರ್ ಮಾಡ್ತಿದ್ದ ಕೋಲರ್ ಕಂಪನಿನ ಕ್ಯಾಮೆರಾ ಕಂಪನಿ ಗೋಪ್ರೋ 2015ರಲ್ಲಿ ಕೊಂಡು 2018ರಲ್ಲಿ ಮುಚ್ತು. ಆದ್ರೆ ಆಟೋಪಾನೋದಲ್ಲಿ ಜೋಡಿಸಿಟ್ಕೊಂಡ ಜೆಪೆಗ್ ಇವತ್ತೂ ಓಪನ್ ಆಗುತ್ತೆ. ಸ್ಮಿತಾ ಹೇಳ್ತಿರೋದು ಅದೇ

ಗಿರೀಶಣ್ಣ: ಸರಿ, ಫೋಟೋ ಜೋಡಿಸೋಕೆ ಫ್ರೀ ಅಂತ ಹ್ಯೂಗಿನ್ ಸಾಫ್ಟ್‌ವೇರ್ ಹಾಕ್ಕೊಂಡು ಹೋದ್ಸಲ ನಾನೂ ನೋಡ್ದೆ. ಒಂದಿಡೀ ಭಾನುವಾರ ಹೋಯ್ತು. ತೊಟ್ಟಿ ಕಂಬ ಸೊಂಟದ ಹತ್ರ ಮುರಿದು ಪಕ್ಕಕ್ಕೆ ಸರಿದಂಗೆ ಬಂತು, ಜಯತ್ತೆಗೆ ಮೂರು ಕೈ. ನಂಗೆ ಕೂತು ಎರಡೂ ಫೋಟೋದಲ್ಲಿ ಒಂದೇ ಜಾಗ ಗುರುತಿಸಿ ಕಂಟ್ರೋಲ್ ಪಾಯಿಂಟ್ ಇಡೋಷ್ಟು ಟೈಮಿಲ್ಲ, ಅದಕ್ಕೇ ದುಡ್ಡು ಕೊಡೋಣ ಅಂದಿದ್ದು

ಸ್ಮಿತಾ: ಅಣ್ಣ ಕಂಬ ಮುರಿದಿದ್ದು ಸಾಫ್ಟ್‌ವೇರ್ ತಪ್ಪಲ್ಲ. ನೀವು ಫೋನ್ ಕೈಲಿ ಹಿಡ್ಕೊಂಡು ನಿಂತಲ್ಲೇ ಸುತ್ತಿದ್ರಿ, ನೀವು ಸುತ್ತಿದ್ರೆ ಲೆನ್ಸ್ ಒಂದು ಮೊಳ ದೊಡ್ಡ ಸುತ್ತು ಹಾಕುತ್ತೆ, ದೂರದ ತೋಟಕ್ಕೆ ನಡೆಯುತ್ತೆ, ನಾಲ್ಕಡಿ ದೂರದ ಕಂಬಕ್ಕೆ ನಡೆಯಲ್ಲ, ಹಿಂದಿನ ಗೋಡೆ ಒಂದೊಂದು ಫೋಟೋದಲ್ಲಿ ಒಂದೊಂದು ಕಡೆ ಕಾಣುತ್ತೆ. ಎಷ್ಟು ದುಡ್ಡು ಕೊಟ್ಟ ಸಾಫ್ಟ್‌ವೇರಿಗೂ ಅದು ಕಷ್ಟವೇ. ಲೆನ್ಸ್ ಕೆಳಗೆ ದಾರ ಇಳಿಬಿಟ್ಟು ತುದಿಗೊಂದು ನಟ್ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದ ಗುರುತು ಮಾಡಿ, ನಟ್ ಆ ಗುರುತಿನ ಮೇಲೇ ಇರೋ ಹಾಗೆ ನಾವು ಫೋನಿನ ಸುತ್ತ ಸುತ್ಬೇಕು. ಸುತ್ತಿಗೆ 10 ಫೋಟೋ, ಮೂರು ಸಾಲು, ಮೇಲೆ ಕೆಳಗೆ ಸೇರಿ 32. ಮೂರನೇ ಕೈಗೆ ಹ್ಯೂಗಿನ್‌ನಲ್ಲೇ ಮಾಸ್ಕ್ ಇದೆ, ಬೇಡದ ಕೈ ಸುತ್ತ ಗೆರೆ ಎಳೆದ್ರೆ ಆಯ್ತು

ಜಯತ್ತೆ: ನಾನು ಏಲಕ್ಕಿ ಬಿಡಿಸ್ತಾ ಇದ್ದೆ ಕಣೋ, ಯಾರೂ ಅಲ್ಲಾಡ್ಬೇಡ ಅಂದಿರ್ಲಿಲ್ಲ

ವಿನಯ್: ಟೈಮ್ ವಿಷಯದಲ್ಲಿ ಗಿರೀಶಣ್ಣ ಹೇಳಿದ್ದೂ ಸರಿನೇ. ಹಠ ಬೇಡ, ಹ್ಯೂಗಿನ್ ಕೈ ಕೊಟ್ರೆ ಅದೇ ಕೆಲಸ ಮಾಡೋ ಪಿಟಿಗುಯಿ ಒಂದ್ಸಲ ಕೊಂಡ್ರಾಯ್ತು, ತಿಂಗಳ ಬಾಡಿಗೆ ಅಲ್ಲ ಅದು. ತಿರುಗಿಸಿ ತೋರ್ಸೋ ಕೆಲಸಕ್ಕೆ ಪ್ಯಾನೆಲಮ್ ಸಾಕು, ಫ್ರೀ, ಓಪನ್ ಸೋರ್ಸು. ಕೋಣೆಯಿಂದ ಕೋಣೆಗೆ ಹೋಗೋ ಬಾಣಾನೂ ಇಡ್ಬೋದು. ಕೋಡ್ ನಾನು ಬರ್ಕೊಡ್ತೀನಿ

ಗಿರೀಶಣ್ಣ: ಹಂಗಾದ್ರೆ ಪೆನ್‌ಡ್ರೈವಲ್ಲಿ ಹಾಕಿ ಎಲ್ರಿಗೂ ಕೊಡ್ಬೋದಾ? ಡಬಲ್ ಕ್ಲಿಕ್ ಮಾಡಿದ್ರೆ ತೆರೀಬೇಕು, ಇಲ್ದಿದ್ರೆ ಅಪ್ಪ ನೋಡಲ್ಲ

ವಿನಯ್: ಬರೀ ಡಬಲ್ ಕ್ಲಿಕ್ಕಿಗೆ ಬ್ರೌಸರ್ ಬಿಡಲ್ಲ ಅಣ್ಣ, ಕಂಪ್ಯೂಟರಲ್ಲೇ ಸಣ್ಣ ಸರ್ವರ್ ಓಡಿಸ್ಬೇಕು. ಗಿಟ್‌ಹಬ್ ಪೇಜಸ್ ಅಂತ ವೆಬ್‌ಪೇಜ್ ಇಡೋ ಜಾಗ ಇದೆ, ಅಲ್ಲಿ ಹಾಕಿ ದೊಡ್ಡಪ್ಪಂಗೆ ಲಿಂಕ್ ಕಳಿಸೋಣ, ಅದಕ್ಕೂ ದುಡ್ಡಿಲ್ಲ. ಅದೂ ನಾಳೆ ನಿಂತ್ರೆ ಫೋಲ್ಡರ್ ನಮ್ಮ ಹತ್ರಾನೇ ಇರುತ್ತೆ, ಇನ್ನೊಂದು ಕಡೆ ಹಾಕ್ತೀವಿ. ಹಳೇ ಫೋನುಗಳು 4,096 ಪಿಕ್ಸೆಲ್‌ಗಿಂತ ಅಗಲದ್ದು ತೋರ್ಸಲ್ಲ, ಹಾಗಾಗಿ ದೊಡ್ಡ ಫೋಟೋನ ತುಂಡು ಮಾಡಿ ಹಾಕ್ತೀನಿ

ಚಿಕ್ಕಪ್ಪ: ಅಂದ್ರೆ ದುಡ್ಡು ಬೇಡ್ವಾ

ಸ್ಮಿತಾ: ಒಂದ್ಸಲಕ್ಕೆ ಬೇಕು ಚಿಕ್ಕಪ್ಪ, ಗಟ್ಟಿ ಟ್ರೈಪಾಡ್‌ಗೆ. ಒಳಕೋಣೆ ಕತ್ತಲೆ, ಅಲ್ಲಿ ಫೋನ್ ಕೈಲಿ ಹಿಡಿದು ದಾರ ಬಿಡೋದು ನಡೆಯಲ್ಲ. ಜೋಡಿಸಿದ ಫೋಟೋ ಅಗಲ ಎತ್ತರದ ಎರಡರಷ್ಟಿರೋ ಒಂದೊಂದು ಜೆಪೆಗ್, ಅದನ್ನ ಆರು ಮನೆಲೂ ಇಟ್ಕೊಳ್ಳಿ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸ್ಬೇಡಿ, ಕುಗ್ಗಿಸ್ಬಿಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ

ಗಿರೀಶಣ್ಣ: ಸರಿ, ಕಟ್ಟಲ್ಲ. ಆದ್ರೆ ಕಂಬ ಮತ್ತೆ ಮುರಿದ್ರೆ ನಾನೇ ಫೋಟೋಗ್ರಾಫರ್ ಕರೆಸ್ತೀನಿ, ಆಗ ಬೇಡ ಅನ್ಬೇಡಿ

ಸ್ಮಿತಾ: ಆಯ್ತಣ್ಣ, ಫೈಲ್ ನಮ್ಗೆ ಕೊಡೋರನ್ನೇ ಕರೆಸಿ. ಶನಿವಾರ ಬೆಳಿಗ್ಗೆ ತೊಟ್ಟಿಗೆ ಬಿಸಿಲು ಬೀಳೋಕೆ ಮುಂಚೆ ತೆಗೀತೀನಿ, ಅರ್ಧ ಬಿಸಿಲು ಅರ್ಧ ನೆರಳಾದ್ರೆ ಜೋಡಣೆ ಕಾಣುತ್ತೆ

ಜಯತ್ತೆ: ಬೇಗ ಬಾ. ತೊಟ್ಟಿಲಿರೋದೆಲ್ಲ ಎತ್ತಿಡ್ಲಾ?

ಸ್ಮಿತಾ: ಏನೂ ಎತ್ಬೇಡಿ ಅತ್ತೆ. ಅಡಕೆ ತಟ್ಟೆ, ಹಗ್ಗದ ಮೇಲಿನ ಸೀರೆ, ಅಜ್ಜನ ಕೋಲು ಎಲ್ಲ ಇದ್ದಲ್ಲೇ ಇರ್ಲಿ