ಪದಚರ್ಚೆ: ‘ಮುದ್ರಣಸ್ನೇಹಿ ಪುಟ’ಕ್ಕೆ ಬಳಕೆಯ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಹೆಂಗಸರ ಭಜನಾ ಮಂಡಳಿಗೆ ಒಂದು ಚಿಕ್ಕ ಜಾಲತಾಣ ಇದೆ. ಅದನ್ನು ನೋಡಿಕೊಳ್ಳುವುದು ನಾನು. ಸೋಬಾನೆ, ಆರತಿ ಹಾಡು, ದಾಸರ ಪದ ಎಲ್ಲ ಅದರಲ್ಲಿವೆ. ಹೋದ ವಾರ ಪಕ್ಕದ ಮನೆಯ ಅಜ್ಜಿ ಐದು ಹಾಳೆ ಹಿಡಿದುಕೊಂಡು ಬಂದರು. ‘ನೋಡಮ್ಮಾ, ಒಂದೇ ಒಂದು ಆರತಿ ಹಾಡು ಪ್ರಿಂಟ್ ತೆಗೆಸಿದೆ. ಐದು ಹಾಳೆ ಬಂತು. ಹಾಡು ಇರೋದು ಎರಡರಲ್ಲೇ’ ಅಂದರು.

ಕೂತು ಒಂದೊಂದೇ ಹಾಳೆ ನೋಡಿದೆ. ಮೊದಲನೆಯದರಲ್ಲಿ ಬರೀ ಮೆನು, ಮಂಡಳಿಯ ದೊಡ್ಡ ಫೋಟೋ. ಹಾಡು ಶುರುವಾಗುವುದೇ ಎರಡನೆಯದರಲ್ಲಿ. ಒಂದು ನುಡಿಯ ಮೊದಲ ಸಾಲು ಆ ಹಾಳೆಯ ಬುಡದಲ್ಲಿ ಉಳಿದು, ಮಿಕ್ಕ ಮೂರು ಸಾಲು ಮುಂದಿನ ಹಾಳೆಗೆ ಹೋಗಿದ್ದವು. ಆರತಿ ತಟ್ಟೆ ಹಿಡಿದವರು ಹಾಳೆ ಮಗುಚುವುದು ಹೇಗೆ? ಸಾಲುಗಳು ಒತ್ತೊತ್ತಾಗಿ ಬಿದ್ದು, ‘ಸ್ತ್ರೀ’ ಎಂಬಲ್ಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿತ್ತು. ನಾಲ್ಕನೆಯ ಹಾಳೆಯಲ್ಲಿ ‘ಹಾಡು ಕೇಳಲು ಇಲ್ಲಿ ಒತ್ತಿ’ ಅಂತ ಇತ್ತು. ಕಾಗದದ ಮೇಲೆ ಎಲ್ಲಿ ಒತ್ತುವುದು! ಕೊನೆಯ ಹಾಳೆಯಲ್ಲಿ ‘ಮೇಲಕ್ಕೆ ಹೋಗಿ’ ಎಂಬ ಎರಡು ಪದ ಬಿಟ್ಟರೆ ಏನೂ ಇಲ್ಲ.

ತಪ್ಪು ನನ್ನದೇ. ಎರಡು ಸಂಜೆ ಕೂತು ಸರಿಮಾಡಿದೆ. ಕೆಲಸ ಅಂಥ ಕಷ್ಟದ್ದಲ್ಲ. ಸಿಎಸ್‌ಎಸ್‌ನಲ್ಲಿ (ಜಾಲಪುಟ ಹೇಗೆ ಕಾಣಬೇಕೆಂದು ಬರೆಯುವ ಭಾಷೆ ಅದು) ಪರದೆಗೆ ಒಂದು ವಿನ್ಯಾಸ, ಕಾಗದಕ್ಕೆ ಇನ್ನೊಂದು ಅಂತ ಬೇರೆ ಬೇರೆ ಬರೆಯಬಹುದು. 1998ರಿಂದಲೇ ಈ ಸೌಲಭ್ಯ ಇದೆ. ಪ್ರಿಂಟ್ ಕೊಟ್ಟಾಗ ಮೆನು, ಬಟನ್, ಫೋಟೋ ಮರೆಯಾಗಬೇಕು ಎಂದೆ. ನುಡಿ ನಡುವೆ ಮುರಿಯಬಾರದು ಎಂದೆ. ಒತ್ತಕ್ಷರಕ್ಕೆ ಜಾಗ ಸಿಗಲೆಂದು ಸಾಲುಗಳ ನಡುವಿನ ಅಂತರ ಜಾಸ್ತಿ ಮಾಡಿದೆ. ಹಾಡು ಈಗ ಎರಡೇ ಎ4 ಹಾಳೆಯಲ್ಲಿ ಮುಗಿಯುತ್ತದೆ.

ಸಿಕ್ಕಿಹಾಕಿಕೊಂಡದ್ದು ಪದದಲ್ಲಿ. ಹಾಡಿನ ತಲೆಯ ಬಳಿ ಒಂದು ಬಟನ್ ಇಡಬೇಕು. ಅದರ ಮೇಲೆ ಏನಂತ ಬರೆಯಲಿ?

ಮೊದಲು ಹೊಳೆದದ್ದು ‘ಮುದ್ರಣಸ್ನೇಹಿ ಪುಟ’. ಪರಿಸರಸ್ನೇಹಿ, ಜನಸ್ನೇಹಿ ಎಲ್ಲ ಪತ್ರಿಕೆಗಳಲ್ಲಿ ಓಡಾಡುತ್ತಿವೆಯಲ್ಲ, ಅದೇ ಜಾಡು. ಆದರೆ ನನಗೆ ಇದು ಹಿಡಿಸಲಿಲ್ಲ. ಪುಟ ಯಾರ ಸ್ನೇಹ ಮಾಡಬೇಕು, ಮುದ್ರಣದ್ದಾ? ‘ಮುದ್ರಣಯೋಗ್ಯ’ ಅಂದರೆ ಇನ್ನೂ ತೊಡಕು. ಸಂಪಾದಕರು ಲೇಖನ ಓದಿ ಪರವಾಗಿಲ್ಲ ಅಂದ ಹಾಗೆ ಕೇಳುತ್ತದೆ.

‘ಮುದ್ರಿಸಿ’ ಎಂದಷ್ಟೇ ಹಾಕಿದರೆ? ಎಷ್ಟೋ ತಾಣಗಳಲ್ಲಿ ಹಾಗೇ ಇದೆ. ನನಗೆ ತಗಾದೆ ಇರುವುದು ಇಲ್ಲೇ. ಮುದ್ರಣ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಪುಸ್ತಕ: ಮೊದಲ ಮುದ್ರಣ, ಎರಡನೆಯ ಮುದ್ರಣ, ಸಾವಿರ ಪ್ರತಿ. ಅಚ್ಚು ಕೂಡ ಹಾಗೆಯೇ. ಮದುವೆ ಕಾಗದ ಅಚ್ಚು ಹಾಕಿಸುತ್ತೇವೆ. ಪುಸ್ತಕ ಅಚ್ಚಿಗೆ ಹೋಗುತ್ತದೆ, ಅಚ್ಚಾಗಿ ಬರುತ್ತದೆ. ಎರಡೂ ಪದಗಳು ಹಲವು ಪ್ರತಿಗಳ ಕೆಲಸವನ್ನು ಹೇಳುತ್ತವೆ. ಅಜ್ಜಿಗೆ ಬೇಕಾದದ್ದು ಒಂದೇ ಪ್ರತಿ. ಅದಕ್ಕೆ ಅವರು ‘ಅಚ್ಚು ಹಾಕಿಸಿದೆ’ ಅನ್ನಲಿಲ್ಲ, ‘ಮುದ್ರಿಸಿದೆ’ ಅನ್ನಲೇ ಇಲ್ಲ. ‘ಪ್ರಿಂಟ್ ತೆಗೆಸಿದೆ’ ಅಂದರು.

ಈ ‘ತೆಗೆ’ ನೋಡಿ. ಫೋಟೋ ತೆಗೆ, ನಕಲು ತೆಗೆ, ಎಕ್ಸ್‌ರೇ ತೆಗೆಸು, ಪಹಣಿ ತೆಗೆಸು, ಜೆರಾಕ್ಸ್ ತೆಗೆಸು. ಎಲ್ಲೋ ಇರುವ ಒಂದರಿಂದ ನಮಗೆ ಬೇಕಾದ ಒಂದು ಪ್ರತಿಯನ್ನು ಈಚೆಗೆ ತರುವುದು. ಪ್ರಿಂಟ್ ಎಂಬ ಹೆಸರು ಹೊರಗಿನಿಂದ ಬಂದರೂ ಅದಕ್ಕೆ ಕ್ರಿಯಾಪದವನ್ನು ಜನ ಮನೆಯೊಳಗಿಂದಲೇ ಆರಿಸಿದ್ದಾರೆ, ಸರಿಯಾಗಿಯೇ ಆರಿಸಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಹೀಗಾಗಿ ಬಟನ್ನಿಗೆ ‘ಪ್ರಿಂಟ್ ತೆಗೆಯಿರಿ’ ಎಂದು ಬರೆಯುವ ಮನಸ್ಸಿದೆ. ಒಂದೇ ಅಳುಕು: ಪರದೆಯ ಮೇಲೆ ‘ತೆಗೆ’ ಅಂದರೆ ಅಳಿಸು ಎಂಬ ಅರ್ಥವೂ ರೂಢಿಯಾಗಿದೆ. ‘ಪ್ರಿಂಟ್ ತೆಗೆದುಕೊಳ್ಳಿ’ ಅಂದರೆ ಆ ಗೊಂದಲ ಇರಲ್ಲ ಅಲ್ವಾ?

ಅಚ್ಚನ್ನು ಪೂರ್ತಿ ಬಿಟ್ಟುಕೊಡಲು ನನಗೂ ಮನಸ್ಸಿಲ್ಲ. ತಮಿಳು, ತೆಲುಗು, ಮಲಯಾಳಗಳಲ್ಲೂ ಇರುವ ಪದ ಅದು. ಅಚ್ಚುಬೆಲ್ಲ, ಸಂಕ್ರಾಂತಿಯ ಸಕ್ಕರೆ ಅಚ್ಚು, ಅಚ್ಚುಮೊಳೆ, ಅಚ್ಚುಕೂಟ ಎಲ್ಲ ಒಂದೇ ಬಳ್ಳಿಯವು. (ಗಾಡಿಯ ಅಚ್ಚು ಮಾತ್ರ ಬೇರೆ, ಅದು ‘ಅಕ್ಷ’ದಿಂದ ಬಂದದ್ದು.) 1843ರಲ್ಲಿ ಮಂಗಳೂರ ಸಮಾಚಾರ ಹೊರಬಂದದ್ದು ಕಲ್ಲಿನ ಮೇಲೆ ಬರೆದು ಒತ್ತಿ ತೆಗೆದ ಪ್ರತಿಗಳಾಗಿ. ಆ ವಿಧಾನಕ್ಕೆ ‘ಕಲ್ಲಚ್ಚು’ ಎಂಬ ಹೆಸರಾಯಿತು. ಪ್ರೂಫಿಗೆ ‘ಕರಡಚ್ಚು’ ಬಂತು, ಟೈಪಿಂಗಿಗೆ ‘ಬೆರಳಚ್ಚು’ ಬಂತು. ಹೊಸ ಯಂತ್ರ ಬಂದಾಗಲೆಲ್ಲ ಅಚ್ಚು ಹೊಸ ಜೊತೆ ಹುಡುಕಿಕೊಂಡಿದೆ. ಮನೆಯಲ್ಲೋ ಅಂಗಡಿಯಲ್ಲೋ ತೆಗೆಯುವ ಒಂಟಿ ಪ್ರತಿಗೂ ಇಂಥದೊಂದು ಪದ ಯಾರಾದರೂ ಬಳಸಿದ್ದರೆ ದಯವಿಟ್ಟು ತಿಳಿಸಿ. ನಾನು ಸುಮ್ನೆ ಕಟ್ಟಲು ಹೋಗಿಲ್ಲ. ಕಟ್ಟಿದ ಪದವನ್ನು ಅಜ್ಜಿಗೆ ವಿವರಿಸಬೇಕಾದರೆ ಬಟನ್ ಇಟ್ಟು ಏನು ಬಂತು?

ಬಟನ್ನಿನ ಮಾತು ಹಾಗಿರಲಿ. ಪುಟದ ಆ ಗುಣಕ್ಕೆ, ಅಂದರೆ ಪ್ರಿಂಟಿಗೆ ಚೆನ್ನಾಗಿ ಕೂರುವ ಗುಣಕ್ಕೆ, ‘ಹಾಳೆಗೆ ಒಗ್ಗುವ ಪುಟ’ ಎಂದರೆ ಹೇಗೆ? ನೀರು ಒಗ್ಗಲಿಲ್ಲ, ಊಟ ಒಗ್ಗಿತು ಅನ್ನುತ್ತೇವಲ್ಲ, ಆ ಒಗ್ಗು. ಜಾಲದ ಪುಟಕ್ಕೆ ಬುಡ ಇಲ್ಲ, ಎಳೆದಷ್ಟೂ ಇಳಿಯುತ್ತದೆ. ಹಾಳೆಗೆ ನಾಲ್ಕು ಅಂಚು ಇವೆ, ಎರಡು ಮೈ ಇವೆ. ಒಂದಕ್ಕೆ ಇನ್ನೊಂದು ಒಗ್ಗಬೇಕು. ಅದಕ್ಕೇ ‘ಪುಟ’, ‘ಹಾಳೆ’ ಎರಡನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡೆ.

ಇನ್ನೊಂದು ಪ್ರಶ್ನೆ ಇದೆ, ಇದಕ್ಕಂತೂ ನಿಮ್ಮ ನೆರವು ಬೇಕೇ ಬೇಕು. ಪ್ಯಾರಾದ ಮೊದಲ ಸಾಲು ಹಾಳೆಯ ಬುಡದಲ್ಲಿ ಒಂದೇ ಉಳಿದರೆ ಇಂಗ್ಲಿಷಿನವರು ಅದನ್ನು ಅನಾಥ ಎನ್ನುತ್ತಾರೆ. ಕೊನೆಯ ಸಾಲು ಮುಂದಿನ ಹಾಳೆಯ ತಲೆಗೆ ಒಂದೇ ಹೋಗಿ ಕೂತರೆ ಅದು ವಿಧವೆ. ಸಿಎಸ್‌ಎಸ್‌ನಲ್ಲೂ ಇವೇ ಹೆಸರು. ಬೇರೇನೂ ಹೇಳದಿದ್ದರೆ ಅಲ್ಲಿನ ಲೆಕ್ಕ 2, ಅಂದರೆ ಕಡಿಮೆ ಅಂದರೂ ಎರಡು ಸಾಲು ಜೊತೆಗಿರಬೇಕು. ಮಂಡಳಿಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ, ಅದರಲ್ಲಿ ‘ವಿಧವೆ ಸಾಲು’ ಅಂತ ಬರೆಯಲು ನನ್ನ ಕೈ ಏಳಲಿಲ್ಲ. ಓದುವವರಲ್ಲಿ ಗಂಡನನ್ನು ಕಳೆದುಕೊಂಡವರೂ ಇದ್ದಾರೆ. ಒಂದು ಸಾಲು ಜಾಗ ತಪ್ಪಿದ್ದಕ್ಕೆ ಅವರ ಹೆಸರು ಯಾಕೆ? ಸದ್ಯಕ್ಕೆ ಎರಡಕ್ಕೂ ‘ಒಂಟಿ ಸಾಲು’ ಅಂದಿದ್ದೇನೆ. ಬೇರೆ ಮಾಡಿ ಹೇಳಬೇಕಾದ ಕಡೆ ‘ಬುಡದ ಒಂಟಿ ಸಾಲು’, ‘ತಲೆಯ ಒಂಟಿ ಸಾಲು’. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು, ಪುಟ ಕಟ್ಟಿದವರು ಈ ಬಳಗದಲ್ಲಿ ಇದ್ದರೆ ಕೇಳುತ್ತೇನೆ: ಇಂಥ ಸಾಲು ಕಂಡಾಗ ನೀವು ಏನನ್ನುತ್ತಿದ್ದಿರಿ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಇದನ್ನೂ ಹೇಳಿ. ಅಂಗಡಿಗೆ ಹೋದಾಗ ನಿಮ್ಮಲ್ಲಿ ಪ್ರಿಂಟ್ ತೆಗೆಸುತ್ತಾರೋ, ಹಾಕಿಸುತ್ತಾರೋ, ಹೊಡೆಸುತ್ತಾರೋ? ಶುಕ್ರವಾರ ಬಟನ್ ಹಾಕಬೇಕೆಂದಿದ್ದೇನೆ.